ತುರ್ಕುವಿನ ಕೆಲಸ, ಕಂಬಂ ಕಣಿವೆಯ ಮಾತು

ಪರದೇಶದಲ್ಲಿ ದುಡಿದು ಬಂದ ಅಧ್ಯಾಪಕರಿಂದ ಕೇಳುಗರು ಸಾಮಾನ್ಯವಾಗಿ ಹಿಮ, ಚಳಿ, ಊಟಗಳ ವರ್ಣನೆಯನ್ನು ಬಯಸುತ್ತಾರೆ. ಮಂಗಳೂರು ವಿಶ್ವವಿದ್ಯಾನಿಲಯದ ಕನ್ನಡ ಪ್ರಾಧ್ಯಾಪಕರಾಗಿದ್ದ ಬಿ. ಎ. ವಿವೇಕ ರೈ ಹಾಗೂ ಕೆ. ಚಿನ್ನಪ್ಪ ಗೌಡರು ಫಿನ್ಲೆಂಡಿನ ತುರ್ಕುವಿನ ಒಡನಾಟದಿಂದ ತಂದದ್ದು ಅದಕ್ಕಿಂತ ಬೆಲೆಯುಳ್ಳದ್ದು. ಅಲ್ಲಿನ ಜಾನಪದ ವಿದ್ವಾಂಸ ಲೌರಿ ಹಾಂಕೊ ಅವರ ಬಳಗದಲ್ಲಿದ್ದು, 1990ರಲ್ಲಿ ಗೋಪಾಲ ನಾಯ್ಕರು ಹಾಡಿದ ತುಳುವಿನ ಸಿರಿ ಕಾವ್ಯವನ್ನು ಅವರು ಪದಪದವಾಗಿ ಬರೆಹಕ್ಕಿಳಿಸಿದರು. 15,683 ಸಾಲುಗಳ ಆ ಕಾವ್ಯ 1998ರಲ್ಲಿ ಅಚ್ಚಾಯಿತು.

ಫಿನ್ನರಿಗೆ ಈ ಶ್ರಮ ಹೊಸದಲ್ಲ. ಆಡಳಿತವೂ ವಿದ್ಯೆಯೂ ಸ್ವೀಡಿಷ್ ಭಾಷೆಯಲ್ಲಿದ್ದ ಕಾಲದಲ್ಲಿ ವೈದ್ಯ ಎಲಿಯಾಸ್ ಲೋನ್‌ರೋಟ್ ಹಳ್ಳಿಗರ ಹಾಡುಗಳನ್ನು ಕಲೆಹಾಕಿ 1835ರಲ್ಲಿ ‘ಕಾಲೆವಾಲ’ವನ್ನು ಪ್ರಕಟಿಸಿದರು. ಆದರೆ ಅವರು ಹಲವರ ಹಾಡುಗಳನ್ನು ತಾವೇ ಒಂದಾಗಿ ಹೆಣೆದಿದ್ದರು. ಹಾಂಕೊ ಬಳಗ ಒಬ್ಬನೇ ಗಾಯಕನ ಕಾವ್ಯವನ್ನು ಆತ ಹಾಡಿದಂತೆಯೇ ಉಳಿಸಿತು. ಜನಪದರ ಮಾತನ್ನು ತಿದ್ದಿ ಅಂದಗಾಣಿಸುವ ಚಾಳಿಯುಳ್ಳ ಸಂಪಾದಕರು (ಅಂಥವರು ಕಡಿಮೆಯಿಲ್ಲ) ಈ ವ್ಯತ್ಯಾಸವನ್ನು ಗಮನಿಸಬೇಕು.

ಈ ಪಾಠವನ್ನು ಬಳಸಲು ಕಡಲು ದಾಟಬೇಕಿಲ್ಲ. ತಮಿಳುನಾಡಿನ ತೇನಿ ಜಿಲ್ಲೆಯ ಕಂಬಂ ಕಣಿವೆಯಲ್ಲಿ, ಕಾಮಯಗೌಂಡನ್‌ಪಟ್ಟಿಯ ಆಸುಪಾಸಿನಲ್ಲಿ, ಕನ್ನಡವನ್ನು ಮನೆಮಾತಾಗಿ ಉಳಿಸಿಕೊಂಡ ಕುಟುಂಬಗಳಿವೆ. ಅವರ ಶಾಲೆಯ ಓದು ತಮಿಳಿನದು. ಅವರ ನುಡಿಯನ್ನು ‘ಕೆಟ್ಟ ಕನ್ನಡ’ವೆಂದು ನಕ್ಕು ಮರಳುವ ವಿದ್ಯಾರ್ಥಿಗಿಂತ, ಅಜ್ಜಿಯೊಬ್ಬಳ ಮಾತನ್ನು ಒಂದಕ್ಷರವೂ ತಿದ್ದದೆ ಬರೆದು ತರುವ ವಿದ್ಯಾರ್ಥಿ ಐಚ್ಛಿಕ ಕನ್ನಡಕ್ಕೆ ಹೆಚ್ಚು ನ್ಯಾಯ ಸಲ್ಲಿಸಿದಂತೆ. ಧ್ವನಿಮುದ್ರಣಕ್ಕೆ ಕಿಸೆಯಲ್ಲಿರುವ ಮೊಬೈಲೇ ಸಾಕು. ಅಜ್ಜಿಯರು ಮಾತ್ರ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ.