ಆಯುಧಪೂಜೆಯೂ ಆಯುಧದ ಅರಿವೂ

ನವರಾತ್ರಿ ಸಮೀಪಿಸುತ್ತಿದೆ. ಇನ್ನು ಕೆಲವೇ ದಿನಗಳಲ್ಲಿ ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದು, ದಿಲ್ಲಿಗಳಲ್ಲಿ ನೆಲಸಿರುವ ನಮ್ಮ ಕನ್ನಡ ಬಾಂಧವರು ತಂತಮ್ಮ ಮೋಟಾರು ಗಾಡಿಗಳನ್ನು ತೊಳೆದು, ಚೆಂಡುಹೂವಿನ ಮಾಲೆ ಹಾಕಿ, ಅರಿಸಿನ ಕುಂಕುಮ ಹಚ್ಚಿ, ಬೂದುಗುಂಬಳವನ್ನು ಒಡೆದು, ಚಕ್ರಗಳಡಿಯಲ್ಲಿ ಒಂದೊಂದು ನಿಂಬೆಹಣ್ಣನ್ನಿಟ್ಟು ಆಯುಧಪೂಜೆಯನ್ನು ನೆರವೇರಿಸುವರು. ಸಂಪ್ರದಾಯವು ಒಳ್ಳೆಯದೇ. ದಿನನಿತ್ಯ ನಮ್ಮನ್ನು ಹೊರುವ ಉಪಕರಣವನ್ನು ವರ್ಷಕ್ಕೊಮ್ಮೆಯಾದರೂ ಕೃತಜ್ಞತೆಯಿಂದ ಕಾಣಬೇಕೆಂಬ ಹಿರಿಯರ ಮಾತಿನಲ್ಲಿ ತಿಳಿವಳಿಕೆಯಿದೆ. ಆದರೆ ಆ ಹಿರಿಯರು ತಾವು ಪೂಜಿಸಿದ ಆಯುಧವನ್ನು ಬಲ್ಲವರೂ ಆಗಿದ್ದರೆಂಬುದನ್ನು ನಾವು ಮರೆತಿದ್ದೇವೆ. ನೇಗಿಲನ್ನು ಪೂಜಿಸಿದವನಿಗೆ ಅದರ ಗುಳವನ್ನು ಕಳಚಿ ಕೂಡಿಸುವುದು ತಿಳಿದಿತ್ತು. ಮಗ್ಗವನ್ನು ಪೂಜಿಸಿದವನಿಗೆ ಲಾಳಿ ಎಲ್ಲಿ ತಡೆಯುವುದೆಂಬುದು ಸದ್ದಿನಿಂದಲೇ ಗೊತ್ತಾಗುತ್ತಿತ್ತು. ಬಾನೆಟ್ಟಿನ ಮೇಲೆ ಹೂವನ್ನಿರಿಸುವ ನಮ್ಮಲ್ಲಿ ಬಾನೆಟ್ಟಿನ ಕೆಳಗೆ ಏನಿದೆಯೆಂದು ಇಣಿಕಿ ನೋಡಿದವರು ಎಷ್ಟು ಮಂದಿ?

ಈ ಪ್ರಶ್ನೆಯನ್ನು ಪರರಿಗೆ ಹಾಕುವ ಮೊದಲು ನಮಗೆ ನಾವೇ ಹಾಕಿಕೊಳ್ಳಬೇಕಾದ ಪ್ರಸಂಗವೊಂದು ಈಚೆಗೆ ಒದಗಿತು. ನಮ್ಮ ಗಾಡಿಗೆ ಹದಿನೈದು ವರ್ಷ ತುಂಬಿ, ಮತ್ತೈದು ವರ್ಷಗಳ ಮಟ್ಟಿಗೆ ನೋಂದಣಿಯನ್ನು ನವೀಕರಿಸಿಕೊಂಡಾಗಿದೆ. ಪನ್ವೇಲದಿಂದ ದಕ್ಷಿಣಕ್ಕೆ ಹೊರಡುವ 66ನೆಯ ರಾಷ್ಟ್ರೀಯ ಹೆದ್ದಾರಿಯನ್ನು ಹಿಡಿದು ವರ್ಷಕ್ಕೊಮ್ಮೆ ಊರಿನ ಮನೆಯನ್ನೂ, ಅಲ್ಲಿರುವ ವೃದ್ಧ ತಾಯಿಯನ್ನೂ ಕಂಡು ಬರುವುದಕ್ಕೆ ಅದೇ ನಮಗೆ ಆಧಾರ. ಊರಿಗೆ ಹೊರಡಲು ಎರಡು ವಾರಗಳಿರುವಾಗ ಸ್ಟಿಯರಿಂಗ್ ಚಕ್ರವನ್ನು ತಿರುಗಿಸಿದಾಗಲೆಲ್ಲ ಇಂಜಿನ್ನಿನ ಕಡೆಯಿಂದ ನರಳುವಂತಹ ಸದ್ದು ಕೇಳಲಾರಂಭಿಸಿತು; ನಾಲ್ಕು ದಿನಗಳಲ್ಲಿ ಚಕ್ರವು ಬೀಸುವ ಕಲ್ಲಿನಂತೆ ಬಿಗಿಯಾಯಿತು. ಗ್ಯಾರೇಜೊಂದಕ್ಕೆ ಒಯ್ದೆವು. ಅಲ್ಲಿಯವರು ಬಾನೆಟ್ಟನ್ನು ಎತ್ತಿ, ಎರಡು ನಿಮಿಷ ನೋಡಿ, ಪಂಪೂ ಹೋಗಿದೆ, ಸ್ಟಿಯರಿಂಗ್ ರ‍್ಯಾಕೂ ಹೋಗಿದೆ, ಎರಡನ್ನೂ ಹೊಸದಾಗಿ ಹಾಕಬೇಕೆಂದರು. ಹೇಳಿದ ಮೊತ್ತವನ್ನು ಕೇಳಿ ನಾವು ಬೆಚ್ಚಿದುದನ್ನು ಕಂಡು, ಇಷ್ಟು ಹಳೆಯ ಗಾಡಿಗೆ ಅಷ್ಟು ಸುರಿಯುವುದಕ್ಕಿಂತ ಗುಜರಿಗೆ ಕೊಡುವುದೇ ಲೇಸೆಂಬ ಉಪದೇಶವನ್ನೂ ಕೊಟ್ಟರು.

ಅವರ ಮಾತು ನಿಜವೋ ಸುಳ್ಳೋ ಎಂಬುದು ಆಗ ನಮಗೆ ತಿಳಿಯದು. ನಮ್ಮ ಮನಸ್ಸನ್ನು ನೋಯಿಸಿದುದು ಮೊತ್ತವಲ್ಲ, ಆ ತಿಳಿಯದಿರುವಿಕೆ. ಅರಿಯದವನು ತೆರುವ ಹಣದಲ್ಲಿ ದುರಸ್ತಿಯ ಬೆಲೆಯೆಷ್ಟು, ಅವನ ಅಜ್ಞಾನದ ಬೆಲೆಯೆಷ್ಟು ಎಂದು ಬೇರ್ಪಡಿಸುವುದು ಅವನಿಂದಲೇ ಆಗದು.

ನಮ್ಮ ಕಟ್ಟಡದಲ್ಲಿ ಧಾರವಾಡದ ಕಡೆಯ ಹಿರಿಯರೊಬ್ಬರಿದ್ದಾರೆ. ರೈಲ್ವೆ ಕಾರ್ಖಾನೆಯಲ್ಲಿ ಫಿಟ್ಟರಾಗಿ ದುಡಿದು ನಿವೃತ್ತರಾದವರು. ಕಟ್ಟಡದವರೆಲ್ಲ ಅವರನ್ನು ಕಾಕಾ ಎಂದೇ ಕರೆಯುವರು. ನಮ್ಮ ಅಳಲನ್ನು ಕೇಳಿದ ಅವರು ನಕ್ಕು, "ನಾಡಿ ನೋಡಲಾರದ ಆಪರೇಷನ್ ಮಾಡ್ತೀನಂದ್ರ ಒಪ್ಪತೀರೇನ್ರಿ? ಮೊದಲ ಎಣ್ಣಿ ನೋಡೂಣು, ಆಮ್ಯಾಲ ಪಂಪ್ ನೋಡೂಣು" ಎಂದರು. ಆ ಒಂದು ಮಾತಿನಿಂದ ನಮ್ಮ ಪಾಠ ಆರಂಭವಾಯಿತು.

ಪಾಠವು ಕಠಿನವಾದುದಲ್ಲ. ಇಂಜಿನ್ನಿನ ತಿರುಗುವ ದಂಡದಿಂದ ಬೆಲ್ಟೊಂದು ಪಂಪಿನ ರಾಟೆಯನ್ನು ತಿರುಗಿಸುತ್ತದೆ. ಪಂಪಿನ ಒಳಗೆ ಸೀಳುಗಳುಳ್ಳ ಗಾಲಿ. ಸೀಳುಗಳಲ್ಲಿ ಹಿಂದೆ ಮುಂದೆ ಜಾರುವ ತೆಳು ಹಲಗೆಗಳು. ಅವು ಡಬ್ಬಿಯಿಂದ ಎಣ್ಣೆಯನ್ನು ಸೆಳೆದು ಒತ್ತಡದಿಂದ ರ‍್ಯಾಕಿನೆಡೆಗೆ ದೂಡುತ್ತವೆ. ನಾವು ಚಕ್ರವನ್ನು ಯಾವ ಕಡೆಗೆ ತಿರುಗಿಸುವೆವೋ ಆ ಕಡೆಗೆ ನೆರವಾಗುವಂತೆ ಅಲ್ಲಿಯ ಕವಾಟವು ಎಣ್ಣೆಯನ್ನು ಹರಿಯಗೊಡುತ್ತದೆ. ಕೆಲಸ ಮುಗಿದ ಎಣ್ಣೆ ರಬ್ಬರ್ ನಳಿಗೆಯ ಮೂಲಕ ಡಬ್ಬಿಗೆ ಮರಳುತ್ತದೆ. ಅಮೆರಿಕದ ಫ್ರಾನ್ಸಿಸ್ ಡೇವಿಸ್ ಎಂಬ ಇಂಜಿನಿಯರು 1920ರ ದಶಕದಲ್ಲಿಯೇ ಈ ಏರ್ಪಾಟನ್ನು ನಡೆಸಿ ತೋರಿಸಿದ್ದರೂ, ಮಾರಾಟದ ಕಾರಿನಲ್ಲಿ ಅದು ಮೊದಲು ಬಂದುದು 1951ರ ಕ್ರೈಸ್ಲರ್ ಇಂಪೀರಿಯಲ್ ಗಾಡಿಯಲ್ಲಿ. ನಮ್ಮ ಮುಂಬಯಿಯ ಕುರ್ಲಾದಲ್ಲಿ ತಯಾರಾದ ಪದ್ಮಿನಿ ಟ್ಯಾಕ್ಸಿಗಳ ಚಾಲಕರಿಗೆ ಈ ಸುಖವಿರಲಿಲ್ಲ. ಅವರು ತೋಳ್ಬಲದಿಂದಲೇ ಗಾಡಿಯನ್ನು ತಿರುಗಿಸಿದರು.

ಎಣ್ಣೆಯ ಡಬ್ಬಿಯ ಮುಚ್ಚಳವನ್ನು ತೆರೆದು ನೋಡಿದರೆ ಎಣ್ಣೆಯು ನೊರೆನೊರೆಯಾಗಿತ್ತು. ಎಲ್ಲಿಯೋ ಗಾಳಿಯನ್ನು ಹೀರುತ್ತಿದೆಯೆಂಬುದಕ್ಕೆ ಅದೇ ಸಾಕ್ಷಿ. ಡಬ್ಬಿಯಿಂದ ಪಂಪಿಗೆ ಹೋಗುವ ನಳಿಗೆಯ ಕ್ಲಿಪ್ಪು ಸಡಿಲವಾಗಿತ್ತು. ಅದನ್ನು ಬದಲಾಯಿಸಿದ ಕೂಡಲೆ ಸದ್ದು ಅರ್ಧಕ್ಕೆ ಇಳಿಯಿತು. ಎಷ್ಟೋ ಗಾಡಿಗಳಲ್ಲಿ ಇಷ್ಟರಿಂದಲೇ, ಇಲ್ಲವೆ ಸಡಿಲಗೊಂಡ ಬೆಲ್ಟನ್ನು ಬಿಗಿ ಮಾಡುವುದರಿಂದಲೇ ರೋಗ ವಾಸಿಯಾಗುವುದುಂಟು. ನಮ್ಮದರಲ್ಲಿ ಆಗಲಿಲ್ಲ. ಪಂಪಿನ ದಂಡದ ಸೀಲು ಹರಿದು ಎಣ್ಣೆ ಒಸರುತ್ತಿತ್ತು. ಇಂಜಿನ್ನು ಮಂದವಾಗಿ ನಡೆಯುವಾಗ ಚಕ್ರ ಬಿಗಿಯೇ ಇತ್ತು. ಅಂದಮೇಲೆ ಪಂಪು ಹೋದುದು ನಿಜ. ರ‍್ಯಾಕಿನಲ್ಲಿ ಮಾತ್ರ ಎಳ್ಳಷ್ಟೂ ದೋಷವಿರಲಿಲ್ಲ.

ಪಂಪನ್ನು ಬದಲಾಯಿಸುವ ಕೆಲಸವನ್ನು ನಾವು ಕಾಕಾ ಅವರ ಕಣ್ಗಾವಲಿನಲ್ಲಿ, ಮನೆಯ ಕೆಳಗಿನ ಸಮತಟ್ಟಾದ ಜಾಗದಲ್ಲಿ ಎರಡು ದಿನಗಳಲ್ಲಿ ಮುಗಿಸಿದೆವು. ಕಟ್ಟಡದ ಸೊಸೈಟಿಯ ಕಾರ್ಯದರ್ಶಿಗಳು ಮೊದಲು ಒಪ್ಪಲಿಲ್ಲ. ನೆಲಕ್ಕೆ ಒಂದು ತೊಟ್ಟು ಎಣ್ಣೆಯೂ ಬೀಳದಂತೆ ತಗಡಿನ ತಟ್ಟೆಯನ್ನಿಡುವೆವೆಂದೂ, ಹಳೆಯ ಎಣ್ಣೆಯನ್ನು ಮೋರಿಗೆ ಸುರಿಯದೆ ಅದನ್ನು ಸಂಗ್ರಹಿಸುವ ಗ್ಯಾರೇಜಿಗೇ ಕೊಡುವೆವೆಂದೂ ಮಾತು ಕೊಟ್ಟ ಮೇಲೆ ಅನುಮತಿ ದೊರೆಯಿತು. ಅವರ ಷರತ್ತು ನ್ಯಾಯವಾದುದೇ ಆಗಿತ್ತು.

ಕೆಲಸದ ವಿವರಗಳೆಲ್ಲ ಗಾಡಿಯಿಂದ ಗಾಡಿಗೆ ಬೇರೆಯಾಗುವುದರಿಂದ ಅವನ್ನು ಇಲ್ಲಿ ವಿಸ್ತರಿಸುವುದಿಲ್ಲ. ಆದರೆ ಎಲ್ಲರಿಗೂ ಅನ್ವಯಿಸುವ ಕೆಲವು ಮಾತುಗಳನ್ನು ಹೇಳಲೇಬೇಕು. ಇಂಜಿನ್ನು ಪೂರ್ಣವಾಗಿ ತಣಿದಿರಬೇಕು. ಬ್ಯಾಟರಿಯ ಋಣ ತಂತಿಯನ್ನು ಮೊದಲೇ ಕಳಚಬೇಕು. ಮುಂಭಾಗವನ್ನು ಎತ್ತಿದ ಮೇಲೆ ಗಟ್ಟಿ ಸ್ಟ್ಯಾಂಡುಗಳ ಮೇಲೆ ನಿಲ್ಲಿಸಿ, ಹಿಂದಿನ ಚಕ್ರಗಳಿಗೆ ಅಡ್ಡ ಕೊಡಬೇಕು. ಗಾಡಿಯೊಡನೆ ಬರುವ ಜ್ಯಾಕು ಚಕ್ರ ಬದಲಾಯಿಸುವುದಕ್ಕೆ ಮಾತ್ರ. ಅದೊಂದನ್ನೇ ನಂಬಿ ಗಾಡಿಯಡಿಯಲ್ಲಿ ತಲೆಯಿಡುವವನು ಪ್ರಾಣವನ್ನು ಪಣಕ್ಕಿಟ್ಟಂತೆ. ಬೆಲ್ಟನ್ನು ಬಿಚ್ಚುವ ಮೊದಲು ಅದು ಯಾವ ಯಾವ ರಾಟೆಯನ್ನು ಹೇಗೆ ಸುತ್ತಿದೆಯೆಂಬ ಚಿತ್ರವನ್ನು ಬರೆದುಕೊಳ್ಳಬೇಕು. ನಾವು ಬರೆದುಕೊಳ್ಳಲಿಲ್ಲ, ಮರುದಿನದ ಮುಂಜಾನೆಯನ್ನು ಅದರ ಪ್ರಾಯಶ್ಚಿತ್ತಕ್ಕೇ ಕಳೆದೆವು. ರಾಟೆಯನ್ನು ಹಳೆಯ ಪಂಪಿನಿಂದ ಹೊಸದಕ್ಕೆ ವರ್ಗಾಯಿಸುವಾಗ ಸುತ್ತಿಗೆಯನ್ನು ಮುಟ್ಟಬಾರದು. ಅದಕ್ಕೆಂದೇ ಪುಲ್ಲರ್ ಎಂಬ ಸಾಧನವಿದೆ. ಒತ್ತಡದ ಪೈಪಿನ ಸಂದಿಗೆ ಹೊಸ ವಾಶರ್ ಅಥವಾ ಓ-ರಿಂಗನ್ನೇ ಹಾಕಬೇಕು. ಅದರ ನಟ್ಟಿನ ಮೊದಲ ಸುತ್ತುಗಳನ್ನು ಕೈಯಿಂದಲೇ ತಿರುಗಿಸಬೇಕು. ಗಾಡಿಯ ಕೈಪಿಡಿಯಲ್ಲಿ ಹೇಳಿದ ಎಣ್ಣೆಯನ್ನಲ್ಲದೆ ಬೇರೆಯದನ್ನು ಹಾಕಿದರೆ ಹೊಸ ಸೀಲುಗಳೂ ಕೆಡುವ ಸಂಭವವಿದೆ.

ಇನ್ನೆರಡು ಮಾತುಗಳು ಅತಿ ಮುಖ್ಯವಾದವು. ಮೊದಲನೆಯದು, ಹಳೆಯ ಎಣ್ಣೆಯನ್ನು ಡಬ್ಬಿಯಿಂದಲೂ ನಳಿಗೆಗಳಿಂದಲೂ ಪೂರ್ತಿಯಾಗಿ ಹೊರಹಾಕಿ ತೊಳೆಯಬೇಕು. ಸತ್ತ ಪಂಪಿನ ಲೋಹದ ಪುಡಿ ಅದರಲ್ಲಿ ಸೇರಿರುತ್ತದೆ. ಅದು ಉಳಿದರೆ ಹೊಸ ಪಂಪನ್ನೂ ತಿಂದುಹಾಕುತ್ತದೆ. ಎರಡನೆಯದು, ಗಾಳಿಯನ್ನು ತೆಗೆಯುವ ಕ್ರಮ. ಇಂಜಿನ್ನನ್ನು ಚಾಲೂ ಮಾಡದೆ, ಮುಂಚಕ್ರಗಳು ನೆಲದಿಂದ ಮೇಲಿರುವಾಗಲೇ, ಸ್ಟಿಯರಿಂಗನ್ನು ಆ ತುದಿಯಿಂದ ಈ ತುದಿಗೆ ಹದಿನೈದಿಪ್ಪತ್ತು ಸಲ ನಿಧಾನವಾಗಿ ತಿರುಗಿಸುತ್ತ, ಡಬ್ಬಿಯಲ್ಲಿ ಎಣ್ಣೆ ಇಳಿದಂತೆಲ್ಲ ತುಂಬುತ್ತ ಹೋಗಬೇಕು. ಗುಳ್ಳೆಗಳು ನಿಂತ ಮೇಲೆಯೇ ಇಂಜಿನ್ನನ್ನು ಚಾಲೂ ಮಾಡಬೇಕು. ಆಗಲೂ ಚಕ್ರವನ್ನು ಕೊನೆಯ ತುದಿಯಲ್ಲಿ ಒತ್ತಿ ಹಿಡಿಯಬಾರದು. ಟಯರಿನ ಗಾಳಿ ಚದರ ಅಂಗುಲಕ್ಕೆ ಮೂವತ್ತು ಪೌಂಡಿನಷ್ಟಿದ್ದರೆ, ಆ ತುದಿಯಲ್ಲಿ ಎಣ್ಣೆಯ ಒತ್ತಡ ಸಾವಿರ ಪೌಂಡನ್ನೂ ಮೀರುವುದುಂಟು. ಆದುದರಿಂದ ಸೋರಿಕೆಯನ್ನು ಹುಡುಕುವಾಗ ಬೆರಳನ್ನು ಹತ್ತಿರ ಒಯ್ಯದೆ ರಟ್ಟಿನ ತುಂಡನ್ನು ಹಿಡಿದು ನೋಡಬೇಕು. ಪೇಟೆಯ ಅವಸರದ ದುರಸ್ತಿಯಲ್ಲಿ ಬಿಟ್ಟುಹೋಗುವುದು ಬಹುತೇಕ ಈ ಎರಡು ಕೆಲಸಗಳೇ. ಮನೆಯಲ್ಲಿ ದುಡಿಯುವವನಿಗೆ ತಾಳ್ಮೆಯೊಂದು ಪುಕ್ಕಟೆಯಾಗಿ ಸಿಗುತ್ತದೆ.

ಒಟ್ಟಿನಲ್ಲಿ ನಮಗೆ ತಗುಲಿದ ವೆಚ್ಚ ಗ್ಯಾರೇಜಿನವರು ಹೇಳಿದುದರ ಐದನೆಯ ಒಂದು ಪಾಲನ್ನೂ ಮುಟ್ಟಲಿಲ್ಲ. ಹೇಳಿದ ದಿನವೇ ಊರಿಗೆ ಹೊರಟೆವು. ಘಟ್ಟದ ತಿರುವುಗಳಲ್ಲಿ ಚಕ್ರವು ಕೈಗೆ ಹಗುರವಾಗಿತ್ತು.

ಇದಕ್ಕೆ ಆಕ್ಷೇಪಗಳಿಲ್ಲದೆ ಇಲ್ಲ. ಸ್ಟಿಯರಿಂಗು ಪ್ರಾಣಕ್ಕೆ ಸಂಬಂಧಿಸಿದ ಭಾಗ, ಅದರಲ್ಲಿ ಕೈಯಾಡಿಸುವುದು ಅಪಾಯವೆಂಬುದು ಮೊದಲನೆಯದು. ಈ ಆಕ್ಷೇಪವನ್ನು ನಾವು ಗೌರವಿಸುತ್ತೇವೆ. ಪಂಪು ನಿಂತರೂ ಚಕ್ರಕ್ಕೂ ಗಾಲಿಗಳಿಗೂ ಇರುವ ಉಕ್ಕಿನ ಸಂಬಂಧ ಕಡಿಯದು, ಗಾಡಿಯು ಬಿಗಿಯಾಗಿಯಾದರೂ ತಿರುಗುವುದು ಎಂಬುದು ಸತ್ಯವಾದರೂ, ನುರಿತವರ ನೆರವಿಲ್ಲದೆ, ಸಾಧನಗಳಿಲ್ಲದೆ, ಇಳಿಜಾರಿನಲ್ಲಿ ಈ ಕೆಲಸಕ್ಕೆ ಯಾರೂ ಕೈಹಾಕಬಾರದು. ರ‍್ಯಾಕನ್ನು ಬಿಚ್ಚುವುದಂತೂ ಮನೆಯ ಕೆಲಸವೇ ಅಲ್ಲ.

ಮೆಕ್ಯಾನಿಕನ ಅನ್ನವನ್ನು ಕಸಿದಂತಾಗುವುದೆಂಬುದು ಎರಡನೆಯ ಆಕ್ಷೇಪ. ನಾವು ಒಪ್ಪುವುದಿಲ್ಲ. ತಿಳಿದ ಗಿರಾಕಿಯಿಂದ ನಷ್ಟವಾಗುವುದು ಅಪ್ರಾಮಾಣಿಕನಿಗೆ ಮಾತ್ರ. ಪ್ರಾಮಾಣಿಕನಿಗೆ ಅಂತಹ ಗಿರಾಕಿಯೇ ಮಿತ್ರ. ರಸ್ತೆಬದಿಯ ಬಡ ಮೆಕ್ಯಾನಿಕನೂ ನಾವೂ ವಸ್ತುತಃ ಒಂದೇ ದೋಣಿಯಲ್ಲಿದ್ದೇವೆ. ಮೂಲ ಬಿಡಿಭಾಗಗಳೂ ದುರಸ್ತಿಯ ಸಾಧನಗಳೂ ಸ್ವತಂತ್ರ ಗ್ಯಾರೇಜುಗಳಿಗೆ ಸಿಗದಂತೆ ತಡೆದರೆಂಬ ಕಾರಣಕ್ಕೆ ಭಾರತೀಯ ಸ್ಪರ್ಧಾ ಆಯೋಗವು 2014ರ ಆಗಸ್ಟಿನಲ್ಲಿ 14 ಕಾರು ತಯಾರಕರಿಗೆ ಒಟ್ಟು ಸುಮಾರು 2,545 ಕೋಟಿ ರೂಪಾಯಿ ದಂಡ ವಿಧಿಸಿದುದನ್ನು ವಾಚಕರು ನೆನೆಯಬಹುದು. ತಯಾರಕರು ಆ ಆಜ್ಞೆಯ ವಿರುದ್ಧ ಮೇಲ್ಮನವಿಗೆ ಹೋದರು. 2022ರಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆಯು ದುರಸ್ತಿಯ ಹಕ್ಕನ್ನು ಕುರಿತು ಸಮಿತಿಯೊಂದನ್ನು ನೇಮಿಸಿ, ತಯಾರಕರು ಕೈಪಿಡಿ, ಬಿಡಿಭಾಗಗಳ ಮಾಹಿತಿಯನ್ನು ಪ್ರಕಟಿಸುವುದಕ್ಕೆ ಜಾಲತಾಣವನ್ನೂ ತೆರೆಯಿತು. ಆದರೆ ಪಾನಾ ಹಿಡಿಯಲು ಬಾರದ ಜನರಿಗೆ ದುರಸ್ತಿಯ ಹಕ್ಕು ಕಾಗದದ ಮೇಲಿನ ಹೂರಣವಷ್ಟೆ.

ಹೊಸ ಗಾಡಿಗಳಲ್ಲಿ ಎಣ್ಣೆಯ ಪಂಪೇ ಇಲ್ಲ, ಈ ವಿದ್ಯೆ ಇನ್ನೆಷ್ಟು ದಿನ ಎಂಬುದು ಮೂರನೆಯದು. ನಿಜ, ಬಹುಪಾಲು ಹೊಸ ಕಾರುಗಳಲ್ಲಿ ವಿದ್ಯುತ್ ಮೋಟಾರೇ ಚಕ್ರಕ್ಕೆ ನೆರವಾಗುತ್ತದೆ. ಅದು ಬೇಕಾದಾಗ ಮಾತ್ರ ಶಕ್ತಿಯನ್ನು ಬಳಸುವುದರಿಂದ ಇಂಧನವೂ ಉಳಿಯುವುದು. ಆದರೆ ಅದು ಕೆಟ್ಟಾಗ ಕಾರಣವನ್ನು ತಿಳಿಯಲು ಗಣಕಯಂತ್ರವೇ ಬೇಕು. ಒಡೆಯನು ಇನ್ನೂ ದೂರ ಸರಿಯುತ್ತಾನೆ. ಹೀಗಿರುವಾಗ, ಕಣ್ಣಿಗೆ ಕಾಣುವ ಯಂತ್ರಗಳಿನ್ನೂ ಲಕ್ಷಗಟ್ಟಲೆ ರಸ್ತೆಯಲ್ಲಿರುವಾಗಲೇ ಕೈಯ ಅಭ್ಯಾಸವನ್ನು ಉಳಿಸಿಕೊಳ್ಳುವುದು ಜಾಣತನ. ಎಣ್ಣೆ ನೋಡಿ ರೋಗ ಹೇಳುವ ಬುದ್ಧಿ ಪಂಪಿನೊಡನೆ ಸಾಯುವುದಿಲ್ಲ. ಮಿಕ್ಸರಿಗೂ ನೀರಿನ ಮೋಟಾರಿಗೂ ಅದೇ ಬುದ್ಧಿ ಸಾಕು.

ನಮ್ಮವರು ಈ ನಗರಗಳಿಗೆ ಬರಿಗೈಯಲ್ಲಿ ಬಂದವರು. ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿಶಾಲೆಯಲ್ಲಿ ಓದಿದವರು, ಗಿರಣಿಯಲ್ಲಿ, ರೈಲ್ವೆ ಕಾರ್ಖಾನೆಯಲ್ಲಿ ಕೈ ಕಪ್ಪು ಮಾಡಿಕೊಂಡು ಮಕ್ಕಳನ್ನು ಮುಂದೆ ತಂದವರು. ಆ ಮಕ್ಕಳಾದ ನಾವು ಪಾನಾ ಹಿಡಿಯುವುದನ್ನು ಕೀಳೆಂದು ಬಗೆದರೆ ಅದು ಹಿರಿಯರ ಅನ್ನಕ್ಕೆ ಮಾಡಿದ ಅಪಚಾರ. ಕಾಕಾ ಅವರಂತಹ ನಿವೃತ್ತ ಫಿಟ್ಟರುಗಳು, ಮೆಕ್ಯಾನಿಕರು ಎಲ್ಲ ನಗರಗಳ ಕನ್ನಡಿಗರಲ್ಲಿದ್ದಾರೆ. ಅವರ ವಿದ್ಯೆಯನ್ನು ಕೇಳುವವರಿಲ್ಲ.

ಆದುದರಿಂದ ನಮ್ಮ ಕನ್ನಡ ಸಂಘಗಳಿಗೆ ಒಂದು ವಿನಂತಿ. ರಾಜ್ಯೋತ್ಸವದ ನಾಟಕ, ನೃತ್ಯಗಳು ನಡೆಯಲಿ. ಅದರೊಡನೆ, ಒಬ್ಬೊಬ್ಬರಿಗೆ ಕೊಳ್ಳಲು ದುಬಾರಿಯಾದ ಸ್ಟ್ಯಾಂಡು, ಪುಲ್ಲರ್, ಪಾನಾಗಳ ಒಂದು ಪೆಟ್ಟಿಗೆಯನ್ನು ಸಂಘವೇ ಕೊಂಡು, ಪುಸ್ತಕಾಲಯದ ಪುಸ್ತಕದಂತೆ ಸದಸ್ಯರಿಗೆ ಎರವಲು ಕೊಡಲಿ. ತಿಂಗಳಿಗೊಂದು ಭಾನುವಾರ ಹಿರಿಯ ಕೆಲಸಗಾರರೊಬ್ಬರನ್ನು ಕರೆಸಿ, ತರುಣರಿಗೂ ತರುಣಿಯರಿಗೂ ಕನ್ನಡದಲ್ಲಿಯೇ ಕೈಹಿಡಿದು ಕಲಿಸಲಿ. ಹಾರ ಹಾಕಿ ಸನ್ಮಾನಿಸುವುದಕ್ಕಿಂತ ಇದು ಆ ಹಿರಿಯರಿಗೆ ಹೆಚ್ಚಿನ ಗೌರವವೆಂದು ನಾವು ಭಾವಿಸುತ್ತೇವೆ.

ಅಲ್ಲಿಯವರೆಗೆ ವಾಚಕರಲ್ಲಿ ನಮ್ಮ ಬೇಡಿಕೆ ಚಿಕ್ಕದು. ಈ ಆಯುಧಪೂಜೆಯ ದಿನ ಮಾಲೆಯನ್ನು ಹಾಕುವ ಮೊದಲು ಬಾನೆಟ್ಟನ್ನು ಒಮ್ಮೆ ಎತ್ತಿರಿ. ಬೆಲ್ಟು ಬಿರಿದಿದೆಯೇ, ಡಬ್ಬಿಗಳಲ್ಲಿ ಎಣ್ಣೆ ಸಾಕಷ್ಟಿದೆಯೇ, ನಳಿಗೆಗಳು ಒಸರುತ್ತಿವೆಯೇ ನೋಡಿರಿ; ಮಕ್ಕಳನ್ನೂ ಕರೆದು ತೋರಿಸಿರಿ. ಹೂವನ್ನು ಆಮೇಲೆ ಇಡಬಹುದು.