ತುಮಕೂರು ವಿವಿ ಕುಲಪತಿ ಕುರ್ಚಿ: ಸಿ.ಎಸ್. ಪುರಕ್ಕೇನು ಸಂಬಂಧ?

ಸಿ.ಎಸ್. ಪುರ: ತುಮಕೂರು ವಿವಿ ಕುಲಪತಿ ಯಾರಾದ್ರೆ ನಮ್ಗೇನು ಅನ್ನೋರೇ ಹೆಚ್ಚು. ಆದರೆ ಇಲ್ಲಿಂದ ಗುಬ್ಬಿ, ತುಮಕೂರಿಗೆ ಬಸ್ ಹತ್ತುವ ಡಿಗ್ರಿ ಮಕ್ಕಳ ಪರೀಕ್ಷೆ, ಫಲಿತಾಂಶ, ಅಂಕಪಟ್ಟಿ ಎಲ್ಲವೂ ಆ ವಿವಿಯ ಕೈಯಲ್ಲೇ ಇದೆ.

2004ರಲ್ಲಿ ಶುರುವಾದ ಈ ವಿವಿಗೆ ಪ್ರೊ. ಎಂ. ವೆಂಕಟೇಶ್ವರಲು ಕುಲಪತಿಯಾಗಿ ಬಂದದ್ದು 2022ರಲ್ಲಿ. ಕಾಯ್ದೆ ಪ್ರಕಾರ ಅವಧಿ 4 ವರ್ಷ.

ಆಯ್ಕೆ ಹೇಗೆ?
ರಾಜ್ಯ ವಿವಿಗಳ ಕಾಯ್ದೆ-2000ರಂತೆ ಶೋಧನಾ ಸಮಿತಿಯಲ್ಲಿ ರಾಜ್ಯಪಾಲರು, ಯುಜಿಸಿ, ರಾಜ್ಯ ಸರ್ಕಾರ, ಸಿಂಡಿಕೇಟ್ ಕಡೆಯಿಂದ ತಲಾ ಒಬ್ಬರು. ಸಮಿತಿ ಕೊಟ್ಟ ಪಟ್ಟಿಯಿಂದ ರಾಜ್ಯಪಾಲರು ಸರ್ಕಾರದ ಸಹಮತಿ ಪಡೆದು ನೇಮಿಸಬೇಕು. 2025ರ ಜನವರಿಯಲ್ಲಿ ಬಂದ ಯುಜಿಸಿ ಕರಡಿನಲ್ಲಿ ಸಮಿತಿಯಿಂದ ರಾಜ್ಯ ಸರ್ಕಾರವೇ ಹೊರಗೆ! ಫೆಬ್ರವರಿಯಲ್ಲಿ ಹಲವು ರಾಜ್ಯಗಳ ಸಚಿವರು ಬೆಂಗಳೂರಿನಲ್ಲಿ ಸೇರಿ ವಿರೋಧಿಸಿದರು. ಮೇಲಿನವರ ಹಗ್ಗಜಗ್ಗಾಟದಲ್ಲಿ ಕುರ್ಚಿ ಖಾಲಿ ಬಿದ್ದರೆ ಪ್ರಭಾರಿ ಆಡಳಿತ. ಪ್ರಭಾರಿಗಳು ದೊಡ್ಡ ತೀರ್ಮಾನಕ್ಕೆ ಕೈ ಹಾಕೋದು ಕಮ್ಮಿ.

ಸಂಬಳ, ನಿವೃತ್ತಿ
ಯುಜಿಸಿ 7ನೇ ವೇತನದಂತೆ ಕುಲಪತಿ ಮೂಲ ವೇತನ ತಿಂಗಳಿಗೆ 2.10 ಲಕ್ಷ ರೂ. ಹಳೇ ನೌಕರರ ಪಿಂಚಣಿಯೇ ಹೊರೆ ಅಂತ ಮೈಸೂರು ವಿವಿಯಂಥವು ಸರ್ಕಾರದ ಬಾಗಿಲು ತಟ್ಟಿವೆ. ಇತ್ತ ಸರ್ಕಾರಿ ಡಿಗ್ರಿ ಕಾಲೇಜಲ್ಲಿ ಪಾಠ ಮಾಡೋ ಅತಿಥಿ ಉಪನ್ಯಾಸಕರಿಗೆ ಪಿಂಚಣಿಯೇ ಇಲ್ಲ. 2023ರ ಕೊನೆಯಲ್ಲಿ ಮುಷ್ಕರ ಕೂತ ಮೇಲೆ ಸಿಕ್ಕಿದ್ದು, 60 ತುಂಬಿದಾಗ 5 ಲಕ್ಷದವರೆಗೆ ಇಡುಗಂಟಿನ ಭರವಸೆ.

ಕುಲಪತಿ ಯಾರೇ ಬರಲಿ, ಸಕಾಲಕ್ಕೆ ಬರಲಿ. ಅಂಕಪಟ್ಟಿ ತಡವಾದರೆ ಕೆಲಸ ತಪ್ಪೋದು ನಮ್ಮ ಮಕ್ಕಳಿಗೇ.