ಉಗಾಂಡದ ಆನೆ, ನಮ್ಮೂರಿನ ಆನೆ

ಉಗಾಂಡದಿಂದ ಮರಳಿ ಮೂರು ವಾರಗಳಾದವು. ಶೃಂಗೇರಿಯ ಪೇಟೆಯಲ್ಲಿ ಕಂಡವರೆಲ್ಲರೂ ಕೇಳುವುದು ಎರಡೇ ಪ್ರಶ್ನೆ: “ಮೇಷ್ಟ್ರೇ, ಸಿಂಹ ನೋಡಿದಿರಾ?” ಮತ್ತು “ಊಟಕ್ಕೆ ಏನು ಮಾಡಿದಿರಿ?” ದೂರದೂರುಗಳಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಗಳೂ ಬಂಧುಗಳೂ ಇವನ್ನೇ ಕೇಳುವರೆಂದು ಬಲ್ಲೆ. ಆದ್ದರಿಂದ ಮೊದಲು ಅವೆರಡಕ್ಕೆ ಉತ್ತರ ಕೊಟ್ಟು, ಆಮೇಲೆ ಯಾರೂ ಕೇಳದ ಮೂರನೆಯ ವಿಷಯಕ್ಕೆ ಬರುತ್ತೇನೆ. ನಾನು ಬರೆಯಲು ಕುಳಿತದ್ದು ಆ ಮೂರನೆಯದಕ್ಕಾಗಿಯೇ.

ಅಳಿಯನ ಉದ್ಯೋಗ ಕಂಪಾಲಾದಲ್ಲಿ. ಮಗಳು ಎರಡು ವರ್ಷಗಳಿಂದ ಕರೆಯುತ್ತಿದ್ದಳು. ಕೊನೆಗೆ ಹಳದಿ ಜ್ವರದ ಲಸಿಕೆ ಹಾಕಿಸಿಕೊಂಡು, ಹಪ್ಪಳ, ಸಂಡಿಗೆ, ಅಪ್ಪೆಮಿಡಿ ಉಪ್ಪಿನಕಾಯಿಯ ಗಂಟು ಕಟ್ಟಿಕೊಂಡು ನಾನೂ ನನ್ನ ಪತ್ನಿಯೂ ಹೊರಟೆವು. ಸಸ್ಯಾಹಾರಿಗಳಾದ ನಾವು ಅಲ್ಲಿ ಒಂದು ತಿಂಗಳು ಹೇಗೆ ಕಳೆಯುವೆವೋ ಎಂಬ ಅಳುಕಿತ್ತು. ಎರಡನೆಯ ದಿನವೇ ಅದು ಕಳೆಯಿತು. ಕಂಪಾಲಾದ ಬೀದಿಬದಿಯಲ್ಲಿ ಹಲಸಿನ ಹಣ್ಣನ್ನು ಹೆಚ್ಚಿ, ತೊಳೆಗಳನ್ನು ರಾಶಿ ಹಾಕಿ ಮಾರುತ್ತಿದ್ದರು! ಅಲ್ಲಿನ ಲುಗಾಂಡ ಭಾಷೆಯಲ್ಲಿ ಅದಕ್ಕೆ ‘ಫೆನೆ’ ಎನ್ನುತ್ತಾರೆ, ಸ್ವಾಹಿಲಿಯಲ್ಲಿ ‘ಫೆನೆಸಿ’. ಮರಾಠಿಯ ‘ಫಣಸ’ ನನ್ನ ಕಿವಿಯಲ್ಲಿ ಮೊಳಗಿತು. ನಮ್ಮ ಪಶ್ಚಿಮಘಟ್ಟದ ಹಣ್ಣು ಸಮುದ್ರ ದಾಟಿ, ಅಲ್ಲಿನವರ ಹಿತ್ತಿಲಿನಲ್ಲಿ ಮನೆಮಗನಂತೆ ಬೆಳೆದಿದೆ.

ಅವರ ಮುಖ್ಯ ಊಟ ‘ಮಟೋಕೆ’. ಹಸಿ ಬಾಳೆಕಾಯಿಯ ಸಿಪ್ಪೆ ತೆಗೆದು, ಬಾಳೆಲೆಯಲ್ಲಿ ಸುತ್ತಿ, ಹಬೆಯಲ್ಲಿ ಬೇಯಿಸಿ, ಎಲೆಯೊಳಗೇ ಹಿಸುಕಿ ಮುದ್ದೆ ಮಾಡುತ್ತಾರೆ. ಅದಕ್ಕೆ ನೆಲಗಡಲೆಯನ್ನು ಅರೆದು ಕುದಿಸಿದ ಗಟ್ಟಿ ಸಾರು. ಬಾಳೆಲೆ ಬೆಂದಾಗ ಏಳುವ ಪರಿಮಳವನ್ನು ನಮ್ಮ ಎಲೆಕಡುಬು ತಿಂದವರಿಗೆ ಬೇರೆ ವಿವರಿಸಬೇಕಾಗಿಲ್ಲ. ನನ್ನ ಪತ್ನಿ ಮೊದಲ ತುತ್ತು ನುಂಗಿ, “ಇದಕ್ಕೆ ಒಂದು ಒಗ್ಗರಣೆ ಬಿದ್ದರೆ ಇನ್ನೇನೂ ಬೇಡ” ಎಂದಳು. ಮರುದಿನದಿಂದ ಮಗಳ ಮನೆಯಲ್ಲಿ ಮಟೋಕೆಗೆ ಇಂಗು ಸಾಸಿವೆ ಬೀಳತೊಡಗಿತು.

ಮಸಿಂಡಿ ಎಂಬ ಊರಿನ ಸಣ್ಣ ಹೋಟೆಲಿನಲ್ಲಿ ಇನ್ನೂ ದೊಡ್ಡ ಸೋಜಿಗ ಕಾದಿತ್ತು. ‘ಕಲೊ’ ಎಂದು ತಂದಿಟ್ಟದ್ದು ಸಾಕ್ಷಾತ್ ರಾಗಿಮುದ್ದೆ! ನಾವು ಮಲೆನಾಡಿನವರು ಅನ್ನದವರು. ಆದರೆ ನೌಕರಿಯ ಮೊದಲ ಆರು ವರ್ಷ ಕಡೂರು ಸೀಮೆಯಲ್ಲಿ ಪಾಠ ಹೇಳಿದ ನನಗೆ ಮುದ್ದೆಯ ಋಣವಿದೆ. ರಾಗಿಯ ತವರು ಪೂರ್ವ ಆಫ್ರಿಕದ ಎತ್ತರದ ನಾಡು. ಸಾವಿರಾರು ವರ್ಷಗಳ ಹಿಂದೆ ಅಲ್ಲಿಂದ ನಮ್ಮಲ್ಲಿಗೆ ಬಂತು. ನಾವು ತೋಟದಲ್ಲಿ ಬೆಳೆಯುವ ರೊಬಸ್ಟಾ ಕಾಫಿಯೂ ಆ ಕಡೆಯ ಕಾಡಿನದೇ. ಉಗಾಂಡದ ಅರಣ್ಯಗಳಲ್ಲಿ ಈಗಲೂ ತಾನಾಗಿ ಬೆಳೆಯುತ್ತದೆ. ಹಿಂದೆ ಬಗಾಂಡ ಜನರಲ್ಲಿ ಇಬ್ಬರು ರಕ್ತಬಾಂಧವ್ಯ ಮಾಡಿಕೊಳ್ಳುವಾಗ ಒಂದೇ ಕಾಫಿ ಹಣ್ಣಿನ ಎರಡು ಬೀಜಗಳನ್ನು ಹಂಚಿಕೊಂಡು ಅಗಿಯುತ್ತಿದ್ದರು. ಈ ಪದ್ಧತಿ ನನ್ನ ಮನಸ್ಸಿನಲ್ಲಿ ಉಳಿಯಿತು.

ಇನ್ನು ಪ್ರಾಣಿಗಳು. ಕಂಪಾಲಾದಿಂದ ವಾಯವ್ಯಕ್ಕೆ ಒಂದು ಹಗಲಿನ ಪ್ರಯಾಣ ಮಾಡಿದರೆ ಮರ್ಚಿಸನ್ ಜಲಪಾತದ ರಾಷ್ಟ್ರೀಯ ಉದ್ಯಾನ ಸಿಗುತ್ತದೆ. 1952ರಲ್ಲಿ ಸ್ಥಾಪನೆಯಾದ ಇದು ಉಗಾಂಡದ ಅತಿ ದೊಡ್ಡ ಉದ್ಯಾನ. ವಿಸ್ತೀರ್ಣ 3,800 ಚದರ ಕಿಲೋಮೀಟರಿಗೂ ಹೆಚ್ಚು. ಭೂಗೋಳದ ಪಾಠದಲ್ಲಿ ಮೂವತ್ತು ವರ್ಷ ನಾನು ಕಪ್ಪುಹಲಗೆಯ ಮೇಲೆ ಗೆರೆಯಾಗಿ ಎಳೆದ ನೈಲ್ ನದಿ ಅಲ್ಲಿ ಸುಮಾರು 7 ಮೀಟರ್ ಅಗಲದ ಬಂಡೆಯ ಸಂದಿಯಲ್ಲಿ ನುಗ್ಗಿ 40 ಮೀಟರಿಗೂ ಹೆಚ್ಚು ಆಳಕ್ಕೆ ಧುಮುಕುತ್ತದೆ. ದೋಣಿಯಲ್ಲಿ ಹೋಗುವಾಗ ದಡದುದ್ದಕ್ಕೂ ನೀರುಕುದುರೆಗಳು, ಬಾಯಿ ತೆರೆದು ಮಲಗಿದ ಮೊಸಳೆಗಳು. ಬಯಲಿನಲ್ಲಿ ಜಿರಾಫೆಗಳು, ಕೋಬ್ ಎಂಬ ಜಿಂಕೆಯಂತಹ ಪ್ರಾಣಿಗಳ ಹಿಂಡು. ಸಿಂಹವನ್ನೂ ನೋಡಿದೆವು. ಅದು ಮರದ ನೆರಳಿನಲ್ಲಿ ಮಲಗಿ ಬಾಲವನ್ನಷ್ಟೇ ಆಡಿಸಿತು. ಒಂಬತ್ತು ವರ್ಷದ ಮೊಮ್ಮಗಳು ಆನೆಗಳನ್ನು ಎಣಿಸುತ್ತ ನಲವತ್ತೊಂದಕ್ಕೆ ಬಂದಾಗ ನಿದ್ದೆಹೋದಳು.

1970 ಮತ್ತು 80ರ ದಶಕಗಳ ಅರಾಜಕತೆಯಲ್ಲಿ ಇದೇ ಬಯಲಿನಲ್ಲಿ ಸಾವಿರಾರು ಆನೆಗಳು ದಂತಕ್ಕಾಗಿ ಹತವಾದವು. ಖಡ್ಗಮೃಗಗಳಂತೂ ದೇಶದಿಂದಲೇ ಅಳಿದುಹೋಗಿದ್ದವು. 2005ರಲ್ಲಿ ಜೀವಾ ಎಂಬಲ್ಲಿ ಹೊರಗಿನಿಂದ ತಂದು ಮತ್ತೆ ಸಾಕತೊಡಗಿದರು. ಅಂತಹ ನಾಡಿನಲ್ಲಿ ಆನೆ ಮತ್ತೆ ನಿರ್ಭಯವಾಗಿ ಮೇಯುವುದನ್ನು ಕಂಡು ಕಣ್ಣು ತುಂಬಿತು. ಒಡನೆಯೇ ಚಿತ್ರ ತೆಗೆದು ತಮ್ಮನ ಮನೆಗೆ ಕಳುಹಿಸಿದೆ.

ತಮ್ಮನ ಹೆಂಡತಿಯ ಉತ್ತರ ಸಂಜೆ ಬಂತು: “ಭಾವ, ನೀವು ಅಷ್ಟು ದೂರ ಹೋಗಿ ದುಡ್ಡು ಕೊಟ್ಟು ನೋಡಿದಿರಿ. ನಮ್ಮ ತೋಟಕ್ಕೆ ನಿನ್ನೆ ರಾತ್ರಿ ತಾನಾಗಿಯೇ ಬಂದಿತ್ತು. ಬಾಳೆ ಪೂರ್ತಿ ಹೋಯಿತು. ಅಡಕೆ ಮರ ಹದಿನೇಳು.”

ಅಂದಿನ ರಾತ್ರಿ ವಸತಿಗೃಹದಲ್ಲಿ ನನಗೆ ನಿದ್ದೆ ಬರಲಿಲ್ಲ.

ತಮ್ಮನ ತೋಟವಿರುವುದು ಕೆರೆಕಟ್ಟೆಯ ದಿಕ್ಕಿನಲ್ಲಿ, ಕುದುರೆಮುಖ ರಾಷ್ಟ್ರೀಯ ಉದ್ಯಾನದ ಅಂಚಿಗೆ. 1987ರಲ್ಲಿ ಉದ್ಯಾನ ಘೋಷಣೆಯಾದಾಗ ಅದನ್ನು ಸ್ವಾಗತಿಸಿ ತರಗತಿಯಲ್ಲಿ ಭಾಷಣ ಮಾಡಿದವನು ನಾನು. 2005ರ ಕೊನೆಗೆ ಕುದುರೆಮುಖದ ಗಣಿಗಾರಿಕೆ ನಿಂತಾಗಲೂ ಸಂತೋಷಪಟ್ಟೆ. ಆ ಸಂತೋಷ ಈಗಲೂ ಇದೆ. ಕಾಡು ಉಳಿಯದಿದ್ದರೆ ತುಂಗೆ ಭದ್ರೆಯರಿಲ್ಲ ಎಂಬುದನ್ನು ನಮ್ಮ ಊರಿನವರಿಗೆ ಯಾರೂ ಕಲಿಸಬೇಕಾಗಿಲ್ಲ. ಆದರೆ ಆ ಕಾಡಿನ ಬೆಲೆಯನ್ನು ತೆರುತ್ತಿರುವವರು ಯಾರು? ಮೊದಲೇ ಹಳದಿ ಎಲೆ ರೋಗ, ಎಲೆಚುಕ್ಕಿ ರೋಗಗಳಿಂದ ಸೋತ ತೋಟಗಳು. ಹಗಲು ಮಂಗ, ರಾತ್ರಿ ಕಾಡುಕೋಣ, ಈಗ ಆನೆ. 2025ರ ಅಕ್ಟೋಬರ್ ಕೊನೆಯಲ್ಲಿ ಕೆರೆಕಟ್ಟೆಯ ಬಳಿ ಇಬ್ಬರು ಕಾಡಾನೆಯ ದಾಳಿಯಲ್ಲಿ ಪ್ರಾಣ ಕಳೆದುಕೊಂಡದ್ದನ್ನು ನೀವೆಲ್ಲ ಪತ್ರಿಕೆಯಲ್ಲಿ ಓದಿದ್ದೀರಿ. ಅದಾದ ಮೇಲೆ ತಮ್ಮ ಸೊಪ್ಪಿನಬೆಟ್ಟಕ್ಕೆ ಒಬ್ಬನೇ ಹೋಗುವುದನ್ನು ಬಿಟ್ಟಿದ್ದಾನೆ.

ಈಗ ಮೂರನೆಯ ವಿಷಯ. ಮರ್ಚಿಸನ್ ಉದ್ಯಾನದ ಬಾಗಿಲಿನಲ್ಲಿ ನಾವು ಕಟ್ಟಿದ ಪ್ರವೇಶಶುಲ್ಕದಲ್ಲಿ ನೂರಕ್ಕೆ ಇಪ್ಪತ್ತು ಭಾಗ ಸುತ್ತಲಿನ ಹಳ್ಳಿಗಳಿಗೆ ಸೇರಬೇಕೆಂದು ಉಗಾಂಡದ ಕಾನೂನು ಹೇಳುತ್ತದೆ. 1996ರ ವನ್ಯಜೀವಿ ಕಾಯಿದೆಯಲ್ಲಿ ಬಂದ ಈ ನಿಯಮ 2019ರ ಹೊಸ ಕಾಯಿದೆಯಲ್ಲಿಯೂ ಉಳಿದಿದೆ. ನಮ್ಮ ವಾಹನದ ಚಾಲಕ ಉದ್ಯಾನದ ಅಂಚಿನ ಹಳ್ಳಿಯವನೇ. ಅವನ ಊರಿನ ಶಾಲೆಯ ಒಂದು ಕೊಠಡಿ ಈ ಹಣದಿಂದಲೇ ಆದದ್ದಂತೆ. ಮೇಷ್ಟ್ರ ಬುದ್ಧಿ, ಕೊಠಡಿಯಲ್ಲಿ ಎಷ್ಟು ಬೆಂಚು ಎಂದೂ ಕೇಳಿದೆ. “ಈ ಹಣ ಸಾಕಾಗುತ್ತದೆಯೇ?” ಎಂದರೆ ಅವನು ನಕ್ಕ. “ಸಾಕಾಗುವುದಿಲ್ಲ. ತಡವಾಗಿ ಬರುತ್ತದೆ. ಮಧ್ಯದಲ್ಲಿ ಸವೆಯುತ್ತದೆ. ಆದರೆ ಅದು ನಮ್ಮದು. ಬರದಿದ್ದರೆ ಎಲ್ಲಿ ಹೋಯಿತೆಂದು ಕೇಳುತ್ತೇವೆ.”

ಉಗಾಂಡವನ್ನು ಆದರ್ಶವೆಂದು ಹೊಗಳುವುದು ನನ್ನ ಉದ್ದೇಶವಲ್ಲ. 1991ರಲ್ಲಿ ಬ್ವಿಂಡಿ ಕಾಡನ್ನು ಗೊರಿಲ್ಲಾಗಳಿಗಾಗಿ ರಾಷ್ಟ್ರೀಯ ಉದ್ಯಾನ ಮಾಡಿದಾಗ ಬಾತ್ವಾ ಎಂಬ ಕಾಡಿನ ಮಕ್ಕಳು ನೆಲೆ ಕಳೆದುಕೊಂಡರು. ಮರ್ಚಿಸನ್ನಿನ ಒಳಗೇ ಈಗ ತೈಲದ ಬಾವಿಗಳನ್ನು ಕೊರೆದಿದ್ದಾರೆ. ಆದರೂ ಆ ಚಾಲಕನ “ಅದು ನಮ್ಮದು” ಎಂಬ ಮಾತನ್ನು ನಮ್ಮ ಕಡೆಯ ರೈತನ ಬಾಯಲ್ಲಿ ನಾನು ಕೇಳಿಲ್ಲ.

ನಮ್ಮಲ್ಲಿ ಪರಿಹಾರವಿದೆ, ಸರಿ. ಪರಿಹಾರವೆಂದರೆ ಬೆಳೆ ಹೋದ ಮೇಲೆ, ಜೀವ ಹೋದ ಮೇಲೆ ಕೈಚಾಚಿ ಪಡೆಯುವುದು. ಪಾಲೆಂದರೆ ಹಾನಿಯಾಗಲಿ ಬಿಡಲಿ, ಕಾಡಿನ ಪಕ್ಕದಲ್ಲಿ ಬಾಳಿದ್ದಕ್ಕಾಗಿ ಬರುವುದು. ಪರಿಹಾರ ಮಾತ್ರ ಇರುವಲ್ಲಿ ಆನೆ ಶತ್ರುವಾಗಿಯೇ ಉಳಿಯುತ್ತದೆ. ಪಾಲಿರುವಲ್ಲಿ ಅದು ಕಾಟ ಕೊಟ್ಟರೂ ಮನೆಗೆ ಏನನ್ನೋ ತರುವ ಪ್ರಾಣಿ. ಹುಲಿ ಸಂರಕ್ಷಿತ ಪ್ರದೇಶಗಳಲ್ಲಿ ಪ್ರವಾಸಿಗರ ಶುಲ್ಕವನ್ನು ಅಲ್ಲಿಯೇ ಬಳಸಲು 2006ರ ತಿದ್ದುಪಡಿ ಪ್ರತಿಷ್ಠಾನಗಳ ದಾರಿ ಮಾಡಿಕೊಟ್ಟಿದೆ. ನಾನು ಕೇಳುವುದು ಇನ್ನೂ ಒಂದು ಹೆಜ್ಜೆ. ಕುದುರೆಮುಖದ ಚಾರಣವಿರಲಿ, ಭದ್ರಾ ಅರಣ್ಯದ ಸಫಾರಿಯಿರಲಿ, ಶುಲ್ಕದಲ್ಲಿ ಇಂತಿಷ್ಟು ಭಾಗ ಕಾಡಂಚಿನ ಗ್ರಾಮ ಪಂಚಾಯಿತಿಗೆಂದು ಕಾನೂನಿನಲ್ಲೇ ಬರೆಯಬೇಕು; ರಸೀದಿಯಲ್ಲಿ ಅಚ್ಚಾಗಬೇಕು; ಸೌರಬೇಲಿಗೋ, ರಾತ್ರಿ ಕಾವಲಿನವರ ಕೂಲಿಗೋ, ಶಾಲೆಯ ಮಕ್ಕಳ ವಾಹನಕ್ಕೋ ಎಂಬುದನ್ನು ಗ್ರಾಮಸಭೆ ತೀರ್ಮಾನಿಸಬೇಕು. ಬೆಂಗಳೂರಿನಿಂದ ಬರುವ ಚಾರಣಿಗರಲ್ಲಿ ನನ್ನ ವಿದ್ಯಾರ್ಥಿಗಳೂ ಬಹಳ ಮಂದಿ ಇದ್ದಾರೆ. ನೂರು ರೂಪಾಯಿ ಹೆಚ್ಚು ಕೊಡಲು ನೀವು ಹಿಂಜರಿಯಲಾರಿರಿ.

ಹಣ ಬಂದರೆ ಜನ ಕಾಡನ್ನೇ ಮರೆತು ಹಣವನ್ನಷ್ಟೇ ನೋಡುವರು ಎಂದು ನನ್ನ ಸ್ನೇಹಿತರೊಬ್ಬರು ಆಕ್ಷೇಪಿಸಿದರು. ತುಂಗೆಯ ದಡದಲ್ಲಿ ಬಸುರಿ ಕಪ್ಪೆಗೆ ಸರ್ಪ ಹೆಡೆಯ ನೆರಳು ಹಿಡಿದ ಕಥೆ ನಮ್ಮ ಕ್ಷೇತ್ರದ್ದು, ಇಲ್ಲಿನವರಿಗೆ ಸಹಬಾಳ್ವೆ ರಕ್ತದಲ್ಲಿಯೇ ಇದೆ ಎಂದೂ ಹೇಳಿದರು. ಕಥೆ ದೊಡ್ಡದು, ನಾನೂ ಅದನ್ನು ಸಾವಿರ ಮಕ್ಕಳಿಗೆ ಹೇಳಿದ್ದೇನೆ. ಆದರೆ ಮುರಿದ ಹದಿನೇಳು ಅಡಕೆ ಮರಗಳ ಮುಂದೆ ನಿಂತವನಿಗೆ ಅದನ್ನು ಹೇಳಲು ನನಗೆ ನಾಲಿಗೆ ಏಳುವುದಿಲ್ಲ.

ಏಳದಿರುವುದಕ್ಕೆ ಇನ್ನೊಂದು ಕಾರಣವಿದೆ, ಅದನ್ನೂ ಹೇಳಿಬಿಡುತ್ತೇನೆ. ಆ ತೋಟ ಇನ್ನೂ ನಮ್ಮಿಬ್ಬರಿಗೂ ಸೇರಿದ್ದು. ಪಹಣಿ ತೀರಿಹೋದ ತಂದೆಯ ಹೆಸರಿನಲ್ಲಿಯೇ ಇದೆ. ಖಾತೆ ಬದಲಾಯಿಸಲು ಬರುತ್ತೇನೆಂದು ಹೇಳುತ್ತಲೇ ಹದಿನೈದು ವರ್ಷ ಕಳೆದೆ. ತನ್ನ ಹೆಸರಿನಲ್ಲಿ ಪಹಣಿಯಿಲ್ಲದೆ ತಮ್ಮ ಪರಿಹಾರದ ಅರ್ಜಿಯನ್ನೂ ನೆಟ್ಟಗೆ ಕೊಡಲಾಗಲಿಲ್ಲ. ಆದರೆ ಪ್ರತಿವರ್ಷ ಅಡಕೆ ಮಾರಿದ ಮೇಲೆ ನನ್ನ ಭಾಗದ ಹಣವನ್ನು ಅವನು ತಪ್ಪದೆ ತಂದುಕೊಡುತ್ತಾನೆ, ನಾನು ತಪ್ಪದೆ ಇಸಿದುಕೊಳ್ಳುತ್ತೇನೆ. ಪೇಟೆಯಲ್ಲಿ ಪಿಂಚಣಿಯ ನೆರಳಿನಲ್ಲಿ ಕುಳಿತು ಫಲದ ಪಾಲು ತೆಗೆದುಕೊಂಡವನು ರಾತ್ರಿಯ ಕಾವಲಿನ ಪಾಲನ್ನು ಒಂದು ದಿನವೂ ಕೇಳಲಿಲ್ಲ. ಇಪ್ಪತ್ತು ಭಾಗವನ್ನಾದರೂ ಕೊಟ್ಟವರು ಉಗಾಂಡದವರು. ನಾನು ಅದನ್ನೂ ಕೊಟ್ಟಿರಲಿಲ್ಲ.

ಕಳೆದ ಸೋಮವಾರ ತಮ್ಮನನ್ನು ಕರೆದುಕೊಂಡು ತಾಲ್ಲೂಕು ಕಚೇರಿಗೆ ಹೋಗಿ ಕಾಗದಪತ್ರಗಳನ್ನು ಕೊಟ್ಟು ಬಂದೆ. ಈ ವರ್ಷದ ನನ್ನ ಭಾಗದ ಹಣ ತೋಟದ ಸೌರಬೇಲಿಗೆ. “ಯಾಕಣ್ಣ ಇದೆಲ್ಲ ಈಗ?” ಎಂದ. ಮನೆಯಲ್ಲಿ ತಮ್ಮನ ಹೆಂಡತಿ ಕಾಫಿ ತಂದುಕೊಟ್ಟಳು. ಆನೆಯ ಮಾತು ಯಾರೂ ಎತ್ತಲಿಲ್ಲ. ಕತ್ತಲಾಗುವ ಮುನ್ನ ಮನೆ ಸೇರಿಕೊಳ್ಳಿರೆಂದು ಹೇಳಿ, ಗೇಟಿನವರೆಗೆ ಬಂದು ಕಳುಹಿಸಿದಳು.